ರಾಣಿ ಎಲೆಯ ಬೆನ್ನ ಮೇಲಿನ ಅರಿಶಿನ

ನರಸಮ್ಮ ನನ್ನ ವಾರಗಿತ್ತಿ. ಅವಳ ಗಂಡ ಅಣ್ಣ, ನನ್ನ ಗಂಡ ತಮ್ಮ. ಒಂದೇ ಮನೆಗೆ ಸೊಸೆಯರಾಗಿ ಬಂದ ಇಬ್ಬರು ಹೆಂಗಸರು ಒಬ್ಬರನ್ನೊಬ್ಬರು ಹೊಗಳಿದ್ದನ್ನು ನೀವು ಎಲ್ಲಾದರೂ ಕೇಳಿದ್ದರೆ ನನಗೂ ಹೇಳಿ. ನಾನಂತೂ ಅವಳ ಮೇಲೆ ಗೊಣಗಿಕೊಂಡೇ ಅರ್ಧ ಆಯಸ್ಸು ಕಳೆದವಳು. ಗೊಣಗದೆ ಏನು ಮಾಡಲಿ? ನಾನು ಊರಿಗಾಂ ಚಿನ್ನದ ಗಣಿಯ ಬಂಗಲೆಯ ಅಡುಗೆ ಮನೆಯಲ್ಲಿ ಹೊಗೆ ಕುಡಿಯುತ್ತಿದ್ದರೆ, ಅವಳು ಹಿಂದಿನ ವರಾಂಡದಲ್ಲಿ ಮಣೆ ಹಾಕಿಕೊಂಡು ಕೂತು ಇಸ್ಪೀಟು ತೊಳೆಯುತ್ತಿದ್ದಳು.

ಹೌದು, ಇಸ್ಪೀಟು ತೊಳೆಯುವುದು. ನಮ್ಮೂರಲ್ಲಿ ಇದನ್ನು ಹೇಳಿದಾಗ ಜನ ನನ್ನ ಮುಖ ನೋಡಿ ನಕ್ಕಿದ್ದರು. ಕಾಗದದ ಎಲೆಗೆ ನೀರು ತಾಕಿದರೆ ಹಪ್ಪಳ ನೆಂದ ಹಾಗೆ ಉಬ್ಬುತ್ತದೆ, ಅದನ್ನು ಯಾರು ತೊಳೆಯುತ್ತಾರೆ? ಆದರೆ ಆ ಬಂಗಲೆಯ ಎಲೆಗಳು ಪ್ಲಾಸ್ಟಿಕ್ಕಿನವು. ಬಿಳಿ ದೊರೆಸಾನಿ ಹಡಗಿನಲ್ಲಿ ತರಿಸಿದ್ದು. ಎರಡು ಕಟ್ಟು, ಒಂದಕ್ಕೆ ಕೆಂಪು ಬೆನ್ನು, ಇನ್ನೊಂದಕ್ಕೆ ನೀಲಿ. ನೀಲಿಯದರ ಬೆನ್ನ ತುಂಬ ಬಳ್ಳಿ, ಬಳ್ಳಿಯ ನಡುವೆ ಬೇಳೆಯಷ್ಟು ದೊಡ್ಡ ಬಿಳಿ ಸುತ್ತು. ಎಲೆಗೆ ಏನಾದರೂ ಆದರೆ ರಾಬರ್ಟ್‌ಸನ್‌ಪೇಟೆಯಲ್ಲೂ ಸಿಗುವುದಿಲ್ಲ, ಬೆಂಗಳೂರಿನಲ್ಲೂ ಸಿಗುವುದಿಲ್ಲ, ಒಂದು ಎಲೆ ಹೋದರೆ ಕಟ್ಟೇ ಹೋದಂತೆ ಎಂದು ದೊರೆಸಾನಿ ಇವಳಿಗೆ ಹೇಳಿಕೊಟ್ಟಿದ್ದಳು.

ಹೇಳಿಕೊಟ್ಟಿದ್ದನ್ನೆಲ್ಲ ನರಸಮ್ಮ ವ್ರತದ ಹಾಗೆ ನಡೆಸಿದಳು. ಒಂದು ವಾರ ಕೆಂಪು, ಒಂದು ವಾರ ನೀಲಿ, ಎರಡಕ್ಕೂ ಸರಿಸಮ ಸವೆತ. ಆಟ ಮುಗಿದ ಮೇಲೆ ಬರುವ ಶುಕ್ರವಾರ ಉಗುರುಬೆಚ್ಚಗಿನ ನೀರಿಗೆ ಚೂರು ಸೋಪು ಕದಡಿ ಒಂದೊಂದೇ ಎಲೆಯನ್ನು ಅದ್ದಿ ತೆಗೆದು, ಹಳೆಯ ಮಲ್ಲು ಪಂಚೆಯಿಂದ ಒರೆಸಿ, ನೆರಳಲ್ಲಿ ಹರಡುತ್ತಿದ್ದಳು. ಓದು ಬರಹ ಬಾರದು, ಎಣಿಕೆಗೆ ಅವಳದೇ ದಾರಿ. ಒಂದೇ ತರಹದ ನಾಲ್ಕು ನಾಲ್ಕು ಎಲೆ ಸೇರಿಸಿ ಗುಡ್ಡೆ ಮಾಡುವಳು, ಹದಿಮೂರು ಗುಡ್ಡೆ ಆದರೆ ಡಬ್ಬಿಗೆ. ಆಟ ಮಾತ್ರ ಅವಳಿಗೆ ಒಂದು ದಿನವೂ ತಿಳಿಯಲಿಲ್ಲ, ತಿಳಿಯಬೇಕು ಅಂತ ಅನ್ನಿಸಲೂ ಇಲ್ಲ.

ಬಿಸಿಲು ತಾಗಿಸಬಾರದು ಎನ್ನುವುದು ಎಲ್ಲಕ್ಕಿಂತ ದೊಡ್ಡ ಕಟ್ಟಳೆ. ಒಮ್ಮೆ ಒಂದು ಎಲೆ ವರಾಂಡದ ಗೋಡೆಯ ಮೇಲೆ ಉಳಿದುಹೋಗಿ, ಮಧ್ಯಾಹ್ನದ ಹೊತ್ತಿಗೆ ಒಣಗಿದ ಹಲಸಿನೆಲೆಯ ಹಾಗೆ ಸುರುಳಿ ಬಿದ್ದಿತ್ತು. ನರಸಮ್ಮ ಅದನ್ನು ಬಟ್ಟೆಯಲ್ಲಿ ಸುತ್ತಿ ನನ್ನ ಒರಳುಕಲ್ಲಿನ ಕೆಳಗೆ ಮೂರು ದಿನ ಇಟ್ಟಳು. ಮೂರು ದಿನ ನಾನು ಚಟ್ನಿ ಅರೆಯುವ ಹಾಗಿರಲಿಲ್ಲ. ಎಲೆ ನೆಟ್ಟಗಾದ ದಿನ ಅವಳು ಹೊಳಲಮ್ಮನಿಗೆ ಕಾಯಿ ಒಡೆದಳು. ನಿನ್ನ ಗಂಡ ಜ್ವರದಿಂದ ಎದ್ದಾಗಲೂ ಕಾಯಿ ಒಡೆಯಲಿಲ್ಲವಲ್ಲೇ ಅಕ್ಕ ಎಂದು ನಾನು ಛೇಡಿಸಿದ್ದು ನೆನಪಿದೆ.

ಗಣಿ ಸರ್ಕಾರದ ಕೈಗೆ ಬಂದ ವರ್ಷ ಬಿಳಿಯರು ಹೊರಟರು. ದೊರೆಸಾನಿ ಎಲೆಗಳನ್ನು ಬಂಗಲೆಯಲ್ಲೇ ಬಿಟ್ಟು ಹೋದಳು. ಆ ಮನೆಗೆ ಬಂದವರು ಪೆರುಮಾಳ್ ಇಂಜಿನಿಯರು ಮತ್ತು ಅವರ ಹೆಂಡತಿ ಕನಕಮ್ಮ. ಬಿಳಿಯರ ಹಾಗೆ ಪೆರುಮಾಳರಿಗೂ ಪೋಕರ್ ಎಂಬ ಪಣದ ಇಸ್ಪೀಟಾಟದ ಹುಚ್ಚು. ಮನೆಯೊಳಗೆ ದುಡ್ಡಿಟ್ಟು ಆಡಕೂಡದು ಎಂದು ಕನಕಮ್ಮನವರ ಆಜ್ಞೆಯಾದ್ದರಿಂದ ಹುಣಸೆ ಬೀಜ ಇಟ್ಟು ಆಡುತ್ತಿದ್ದರು. ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ನಾಲ್ಕೈದು ಜನ ಸೇರುವರು. ಬಾಗಿಲಲ್ಲಿ ನರಸಮ್ಮ ನೀರು, ಕಡಲೆಹಿಟ್ಟು, ಟವೆಲು ಇಟ್ಟುಕೊಂಡು ನಿಂತಿರುವಳು. ಕೈ ತೊಳೆಯದೆ ಯಾರೂ ಎಲೆ ಮುಟ್ಟುವ ಹಾಗಿಲ್ಲ. ನಾನು ಬಜ್ಜಿ ಕಳಿಸಿದರೆ ಆಟ ನಿಂತು, ತಿಂದು, ಮತ್ತೆ ಕೈ ತೊಳೆದು, ಮತ್ತೆ ಆಟ. ಎಲೆ ಕಲಸುವಾಗ ಯಾರಾದರೂ ಬಿಲ್ಲಿನ ಹಾಗೆ ಬಗ್ಗಿಸಿದರೆ ಇವಳು ಬಾಗಿಲಿಂದಲೇ ಕೆಮ್ಮುವಳು. ಇಂಜಿನಿಯರು ನಕ್ಕು, "ಏ ಅಪ್ಪಾ, ಮೇಸ್ತ್ರಿಯಮ್ಮ ನೋಡ್ತಾ ಇದಾರೆ, ಮೆಲ್ಲಗೆ" ಅನ್ನುತ್ತಿದ್ದರು. ಇವಳ ಮುಖ ಅರಳುತ್ತಿತ್ತು.

ಆಟಕ್ಕೆ ಬರುತ್ತಿದ್ದವರಲ್ಲಿ ಇಬ್ಬರ ಹೆಸರು ಹೇಳಬೇಕು. ಒಬ್ಬರು ಗಣಿಯ ಟೈಮ್ ಆಫೀಸಿನ ಗುಮಾಸ್ತ ವೆಂಕಟೇಶಪ್ಪ. ನಮ್ಮ ಹಾಗೆಯೇ ಬಂಗಾರಪೇಟೆಯಿಂದ ರೈಲಿನಲ್ಲಿ ಓಡಾಡುವವರು, ಸೊಳ್ಳೆ ಹೊಡೆಯುವುದಕ್ಕೂ ಹಿಂದೆ ಮುಂದೆ ನೋಡುವ ಮನುಷ್ಯ. ಇನ್ನೊಬ್ಬರು ಮರದ ಕಂಟ್ರಾಕ್ಟರು ಶ್ರೀರಾಮಪ್ಪ, ಮಾತು ಜೋರು. ಶ್ರೀರಾಮಪ್ಪನ ತಂಗಿಯ ಮಗನಿಗೆ ವೆಂಕಟೇಶಪ್ಪನ ಮಗಳನ್ನು ಕೊಡುವುದು ಅದೇ ವರ್ಷ ಗೊತ್ತಾಗಿತ್ತು. ಅರವತ್ತೊಂದನೆಯ ಇಸವಿ. ದೀಪಾವಳಿ ಕಳೆದ ಮೇಲೆ ಲಗ್ನ.

ಆ ನವರಾತ್ರಿಯ ಆಯುಧಪೂಜೆ ಬುಧವಾರ ಬಂತು. ಗಣಿಯಲ್ಲಿ ಇಂಜಿನ್ ಮನೆಗಳಿಗೆಲ್ಲ ಕುಂಬಳಕಾಯಿ ಒಡೆದರು. ಬಂಗಲೆಯಲ್ಲಿ ಕಾರು, ಬಂದೂಕು, ಹೊಲಿಗೆ ಮಿಷನ್ನು, ನನ್ನ ಈಳಿಗೆಮಣೆ, ಎಲ್ಲಕ್ಕೂ ಬೊಟ್ಟು. ನರಸಮ್ಮ ಸುಮ್ಮನೆ ನಿಂತು ನೋಡಿದಳು. ಎಲ್ಲರಿಗೂ ಒಂದೊಂದು ಆಯುಧ ಇದೆ, ತನ್ನ ಆಯುಧ ಯಾವುದು? ಒಳಗೆ ಹೋಗಿ ಎಲೆಯ ಡಬ್ಬಿ ತಂದಳು. ಡಬ್ಬಿಗೆ ಒಂದು ಬೊಟ್ಟಿಟ್ಟಿದ್ದರೆ ಮುಗಿದುಹೋಗುತ್ತಿತ್ತು. ಹೊಲಿಗೆ ಮಿಷನ್ನಿಗೆ ಇಡುವಾಗ ಅದರ ಮುಚ್ಚಳಕ್ಕೆ ಇಡುತ್ತಾರೆಯೇ ಎಂದು ಅವಳ ತರ್ಕ. ನೀಲಿ ಕಟ್ಟು ತೆಗೆದು ಮೇಲಿನ ಎಲೆಯನ್ನು ತಿರುಗಿಸಿ ನೋಡಿದಳು. ಹೂವು ಹಿಡಿದ ಹೆಂಗಸು, ಆಟೀನ್ ರಾಣಿ.

"ಮೊಕದ ಮೇಲೆ ಇಡಬಾರ್ದು ಕಣೇ ರತ್ನ, ಮೊಕ ನೋಡೇ ತಾನೆ ಅವ್ರು ಆಡೋದು. ಕೆಟ್ಟೋದ್ರೆ ಕಷ್ಟ," ಎಂದು ನನಗೆ ಹೇಳಿ, ಎಲೆಯನ್ನು ಮಗುಚಿ, ಬೆನ್ನಿನ ಬಿಳಿ ಸುತ್ತಿನೊಳಗೆ ಒದ್ದೆ ಅರಿಶಿನ, ಅದರ ಮೇಲೆ ಕುಂಕುಮ ಇಟ್ಟಳು. ಬೆನ್ನೆಂದರೆ ಬೆನ್ನು, ಅದರಲ್ಲೇನಿದೆ ಎಂದು ಅವಳು ತಿಳಿದಿದ್ದಳು. ನಾನೂ ಹಾಗೇ ತಿಳಿದಿದ್ದೆ. ಪೂಜೆಗಿಟ್ಟದ್ದನ್ನು ವಿಜಯದಶಮಿ ಮುಗಿಯುವವರೆಗೆ ಅಲ್ಲಾಡಿಸಬಾರದು, ಆದ್ದರಿಂದ ಎರಡು ದಿನ ಅರಿಶಿನ ಎಲೆಯ ಮೇಲೇ ಕೂತಿತು.

ಶುಕ್ರವಾರ ತೊಳೆಯಲು ಕೂತಾಗ ಕುಂಕುಮ ಹೋಯಿತು, ಅರಿಶಿನ ಹೋಗಲಿಲ್ಲ. ಸೋಪು ಹಚ್ಚಿದಳು, ಹಳದಿ ಕಲೆ ರಕ್ತದ ಹಾಗೆ ಕೆಂಪಾಯಿತು. ಗಾಬರಿಯಿಂದ ನೀರು ಹುಯ್ದಳು, ಮತ್ತೆ ಹಳದಿ. ಬಟ್ಟೆಯ ಮೇಲಿನ ಅರಿಶಿನವಾದರೆ ಬಿಸಿಲಿಗೆ ಹಾಕು, ಸಂಜೆಗೆ ಮಾಯ. ಇದು ಯಾವ ಹೆಂಗಸಿಗೆ ಗೊತ್ತಿಲ್ಲ? ನಾನೂ ಅದನ್ನೇ ಹೇಳಿದೆ. "ಬಿಸಿಲಿಗೆ ಆಕೂಡ್ದು ಕಣೇ, ಸುರುಳಿ ಬೀಳುತ್ತೆ. ಓಗ್ಲಿ ಬಿಡು, ಬೆನ್ನು ತಾನೆ," ಅಂದಳು. ಹದಿಮೂರು ಗುಡ್ಡೆ ಮಾಡಿ ಡಬ್ಬಿಗೆ ಹಾಕಿದಳು.

ಭಾನುವಾರ ನೀಲಿ ಕಟ್ಟಿನ ಸರದಿ. ವೆಂಕಟೇಶಪ್ಪ ಬೆಳಗಿನಿಂದ ಮನೆಯಲ್ಲಿ ಕೂತು ಮಗಳ ಲಗ್ನಪತ್ರಿಕೆಗಳ ನಾಲ್ಕು ಮೂಲೆಗೂ ಅರಿಶಿನ ಹಚ್ಚಿ ಬಂದಿದ್ದರು. ನರಸಮ್ಮ ಕಡಲೆಹಿಟ್ಟು ಕೊಟ್ಟು ಕೈ ತೊಳೆಸಿದಳು. ಜಿಡ್ಡು ಹೋಯಿತು, ಉಗುರ ಸಂದಿಯ ಹಳದಿ ಉಳಿಯಿತು. "ಮದ್ವೆ ಮನೆ ಕೈ ಕಣಮ್ಮ, ತಿಂಗಳಿಗೆ ಮುಂಚೆ ಓಗಲ್ಲ," ಎಂದು ನಕ್ಕು ಒಳಗೆ ಹೋದರು.

ನಾವಿಬ್ಬರೂ ಬಜ್ಜಿಯ ತಟ್ಟೆ ಹಿಡಿದು ಬಾಗಿಲ ಹತ್ತಿರ ಬರುವಷ್ಟರಲ್ಲಿ ಒಳಗೆ ಗದ್ದಲ. ಶ್ರೀರಾಮಪ್ಪ ಮುಂದಿದ್ದ ಬೀಜವೆಲ್ಲ ಒಡ್ಡಿದ್ದರಂತೆ, ವೆಂಕಟೇಶಪ್ಪ ಮೂರು ರಾಣಿ ತೋರಿಸಿ ಗೆದ್ದಿದ್ದರು. ಶ್ರೀರಾಮಪ್ಪ ಸಿಟ್ಟಿನಲ್ಲಿ ಎಲೆಗಳನ್ನು ಮಗುಚಿ ಹಾಕಿದಾಗ ಒಂದರ ಬೆನ್ನ ಮೇಲೆ ಹಳದಿ ಕಂಡಿತು.

"ಇದೇನ್ ಗುರುತು ಸಾರ್?" ಎಂದು ಅವರು ಎಲೆಯನ್ನು ಇಂಜಿನಿಯರ ಮೂಗಿನ ಮುಂದೆ ಹಿಡಿದರು. "ಮುಂದಿನೋನ ಕೈಯಾಗೆ ರಾಣಿ ಐತಾ ಇಲ್ವಾ, ಬೆನ್ನು ನೋಡಿದ್ರೇ ತಿಳಿಯುತ್ತೆ. ಇಲ್ಲಿ ಅರಿಶಿನದ ಬೆಳ್ಳು ಯಾರ್ದೈತೆ ನೋಡಿ."

ಎಲ್ಲರೂ ವೆಂಕಟೇಶಪ್ಪನ ಕೈ ನೋಡಿದರು. ಅವರು ತಾವೂ ಕೈ ತಿರುಗಿಸಿ ನೋಡಿಕೊಂಡರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಆಮೇಲೆ ಊರೆಲ್ಲ ಆಡಿದ್ದು ಅದೇ ಗಾದೆ. ಬೆನ್ನಿಗೆ ಗುರುತಾದರೆ ಅದು ಮೋಸದ ಆಟ ಎಂದು ನರಸಮ್ಮನಿಗೆ ಆ ಗಳಿಗೆಯಲ್ಲಿ ತಿಳಿಯಿತು, ನನಗೂ ಆವಾಗಲೇ.

ಅವಳು ತಟ್ಟೆ ಕೆಳಗಿಟ್ಟು ಒಳಗೆ ಹೆಜ್ಜೆ ಇಟ್ಟಳು. ನಾನು ಅವಳ ಮುಂಗೈ ಹಿಡಿದೆ. ಸುಮ್ಮನೆ ಹಿಡಿಯಲಿಲ್ಲ, ಬಳೆ ಒಡೆಯುವ ಹಾಗೆ ಹಿಡಿದು ಅಡುಗೆ ಮನೆಗೆ ಎಳೆದುಕೊಂಡು ಬಂದೆ.

"ಬಿಡೇ, ನಾನಿಟ್ಟಿದ್ದು ಅಂತ ಏಳಿ ಬತ್ತೀನಿ," ಅಂದಳು.

"ಏಳಿದ್ರೆ ನಂಬ್ತಾರಾ? ಇಸ್ಪೀಟಿಗೆ ಪೂಜೆ ಮಾಡ್ದೆ ಅಂದ್ರೆ ನಗ್ತಾರೆ. ವೆಂಕಟೇಶಪ್ಪಾರೂ ನೀನೂ ಒಂದೇ ರೈಲಾಗೆ ಬರೋರು, ಇಬ್ರೂ ಸೇರ್ಕೊಂಡು ಮಾಡವ್ರೆ ಅಂತಾರೆ. ನಿನ್ ಜೊತೆ ನನ್ನೂ ಓಡಿಸ್ತಾರೆ. ಎರಡು ಮನೆ ಒಲೆ ಆರೋಗುತ್ತೆ, ಸುಮ್ಕಿರಕ್ಕ."

ಒಳಗೆ ಪೆರುಮಾಳರು "ಆಟ ಸಾಕು" ಎಂದಷ್ಟೇ ಹೇಳಿ ಎಲೆ ಒಟ್ಟುಮಾಡಿದರು. ವೆಂಕಟೇಶಪ್ಪ ಚಪ್ಪಲಿ ಮೆಟ್ಟಿಕೊಂಡು, ಯಾರನ್ನೂ ನೋಡದೆ, ಗೇಟು ದಾಟಿ ಸ್ಟೇಷನ್ನಿನ ಕಡೆ ನಡೆದರು. ನರಸಮ್ಮ ಕಿಟಕಿಯಿಂದ ನೋಡುತ್ತಲೇ ಇದ್ದಳು. ಅವಳ ಕೈಯನ್ನು ನಾನು ಇನ್ನೂ ಬಿಟ್ಟಿರಲಿಲ್ಲ.

ಆ ವಾರದ ಬಗ್ಗೆ ಏನು ಹೇಳಲಿ. ಊರ ಬಾಯಿಗೆ ಮುಚ್ಚಳ ಹಾಕುವವರು ಯಾರು? ಸೋಮವಾರವೇ ಮಾರಿಕುಪ್ಪಂ ರೈಲಿನಲ್ಲಿ ಮಾತು ಹಬ್ಬಿತ್ತು. ಹುಣಸೆ ಬೀಜಕ್ಕೆ ಮೋಸ ಮಾಡುವವನು ಗಣಿಯ ಹಾಜರಿ ಪುಸ್ತಕದಲ್ಲಿ ಏನೇನು ಮಾಡಿರಬೇಡ ಎಂದು ಒಬ್ಬ. ಇಂಥವನ ಮನೆಯ ಹೆಣ್ಣು ತರುವುದಕ್ಕೆ ಶ್ರೀರಾಮಪ್ಪನಿಗೆ ಬೇರೆ ಗತಿ ಇಲ್ಲವೇ ಎಂದು ಇನ್ನೊಬ್ಬ. ಅದುವರೆಗೆ ದಿನವೂ ನಮಗೆ ಜಾಗ ಬಿಟ್ಟುಕೊಡುತ್ತಿದ್ದ ವೆಂಕಟೇಶಪ್ಪ ಬಾಗಿಲ ಹತ್ತಿರ ನಿಂತೇ ಬಂದರು, ಎರಡು ಕೈಯೂ ಕೋಟಿನ ಜೇಬಿನಲ್ಲಿ. ಬುಧವಾರದಿಂದ ಅವರು ರೈಲಿಗೆ ಬರಲೇ ಇಲ್ಲ.

ನರಸಮ್ಮ ಊಟ ಬಿಟ್ಟಳು. ಮುದ್ದೆ ಮುರಿದು ತಟ್ಟೆಯಲ್ಲೇ ಇಟ್ಟುಕೊಂಡು ಕೂರುವಳು. "ಆ ಎಣ್ಮಗೀಗೆ ಮದ್ವೆ ತಪ್ಪಿದ್ರೆ ನಂಗೆ ನರಕದಾಗೂ ನೀರು ಉಟ್ಟಲ್ಲ ಕಣೇ," ಎಂದು ಬುಧವಾರ ಅಂದಳು. ಗುರುವಾರವೂ ಅಂದಳು. ನಾನು ಬೈದೆ. ಆ ಮನುಷ್ಯ ಗಂಡಸು, ಓದಿದವನು, ತನ್ನ ಮಾತು ತಾನೇ ಆಡಿಕೊಳ್ಳಲಿ, ನಮಗೇಕೆ ಊರ ಉಸಾಬರಿ ಎಂದೆ. ನನ್ನ ಗಂಡನಿಗೆ ಆ ವರ್ಷ ಕೂಲಿ ಇರಲಿಲ್ಲ, ಮೂರು ಮಕ್ಕಳು, ಬಂಗಲೆಯ ಕೆಲಸವೊಂದೇ ಆಧಾರ. ಹೆದರಿಕೆಗೆ ಬುದ್ಧಿ ಇರುವುದಿಲ್ಲ.

ಎಂಟನೆಯ ದಿನ ಮತ್ತೆ ಭಾನುವಾರ. ಶ್ರೀರಾಮಪ್ಪನೂ ಬರಲಿಲ್ಲ, ಮೂರೇ ಜನ ಕೂತಿದ್ದರು. ನಾನು ಎಣ್ಣೆ ಕಾಯಿಸುತ್ತಿದ್ದೆ. ತಿರುಗಿ ನೋಡಿದರೆ ನರಸಮ್ಮ ಇಲ್ಲ. ಓಡಿ ಹೋಗಿ ಬಾಗಿಲಲ್ಲಿ ನಿಂತೆ. ಅವಳು ಮೇಜಿನ ಮುಂದೆ ಸೆರಗನ್ನು ಎರಡು ಕೈಯಲ್ಲಿ ಹಿಡಿದುಕೊಂಡು ನಿಂತಿದ್ದಳು.

"ದೊರೆ, ಆ ಎಲೆಗೆ ಅರಿಶಿನ ಇಟ್ಟೋಳು ನಾನು. ಆಯುಧಪೂಜೆ ದಿನ. ಎಲ್ಲಾರ ಸಾಮಾನಿಗೂ ಇಟ್ರು, ನಂದು ಈ ಎಲೆ ಅಂತ ಇಟ್ಟೆ. ತೊಳೆದ್ರೆ ಓಗ್ಲಿಲ್ಲ. ಬೆನ್ನು ನೋಡಿದ್ರೆ ಆಟ ಕೆಡುತ್ತೆ ಅಂತ ನಂಗೆ ತಿಳೀದು. ವೆಂಕಟೇಶಪ್ಪಾರ್ದು ಏನೂ ತಪ್ಪಿಲ್ಲ. ನನ್ನ ಕೆಲ್ಸದಿಂದ ತೆಗೀರಿ, ಪರವಾಗಿಲ್ಲ."

ಪೆರುಮಾಳರು ಅವಳನ್ನೇ ನೋಡಿದರು. ಕನಕಮ್ಮನವರು ಒಳಗಿನಿಂದ ಬಂದು, "ಹೌದಲ್ವಾ, ಪೂಜೆ ಮಣೆ ಮೇಲೆ ಆ ಕಾರ್ಡು ಡಬ್ಬಿ ನಾನೇ ನೋಡಿದೆ," ಅಂದರು. ಇಂಜಿನಿಯರು ಹೋಗಿ ಆ ಎಲೆ ತಂದು, ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ನಗಲು ಶುರು ಮಾಡಿದರು.

"ಅವ್ವಳವು ತಾನಾ?" ಎಂದರು. ತಮಿಳಲ್ಲಿ, ಇಷ್ಟೇನಾ ಅಂತ. ಆಮೇಲೆ ನಗು ನಿಂತಿತು. "ಇದನ್ನ ಅವತ್ತೇ ಹೇಳಕ್ಕೆ ಏನಮ್ಮಾ ನಿಂಗೆ? ನಾನೇನು ನಿನ್ನ ನಂಬಲ್ವಾ? ಪಾಪ, ಆ ಮನುಷ್ಯ."

ಯಾರೂ ಸೇರಿಕೊಂಡು ಮಾಡಿದ್ದೀರಿ ಅನ್ನಲಿಲ್ಲ. ಕೆಲಸ ಬಿಡು ಅನ್ನಲಿಲ್ಲ. ನಾನು ಎಂಟು ದಿನ ಕಟ್ಟಿಕೊಂಡು ಕೂತಿದ್ದ ಭಯದಲ್ಲಿ ಒಂದು ಕಾಳೂ ನಿಜವಾಗಲಿಲ್ಲ. ಇಂಜಿನಿಯರು ಅಲ್ಲೇ ಒಂದು ಕಾಗದ ಬರೆದು, ಈಗಲೇ ಹೋಗಿ ವೆಂಕಟೇಶಪ್ಪನ ಕೈಗೆ ಕೊಡಿ, ನಾನು ಕ್ಷಮೆ ಕೇಳಿದೆ ಅನ್ನಿ, ಶ್ರೀರಾಮಪ್ಪನಿಗೂ ನಾನೇ ಹೇಳುತ್ತೇನೆ ಎಂದರು. ಮೂರೂವರೆಯ ರೈಲು ಹಿಡಿದೆವು. ದಾರಿಯುದ್ದಕ್ಕೂ ನರಸಮ್ಮ ಆ ಕಾಗದವನ್ನು ಎದೆಗೆ ಒತ್ತಿಕೊಂಡು, ಇನ್ನೂ ಇಪ್ಪತ್ತು ದಿನ ಟೈಮೈತೆ ಮದ್ವೆಗೆ, ಇನ್ನೂ ಇಪ್ಪತ್ತು ದಿನ ಐತೆ ಎಂದು ಜಪ ಮಾಡುತ್ತಿದ್ದಳು.

ಬಂಗಾರಪೇಟೆ ಸ್ಟೇಷನ್ನಿನ ಹಿಂದಿನ ಬೀದಿಯಲ್ಲಿ ಅವರ ಮನೆ. ಗೋಡೆಗೆ ಹೊಸ ಸುಣ್ಣ ಬಳಿದಿತ್ತು. ಜಗಲಿಯ ಮೇಲೆ ವೆಂಕಟೇಶಪ್ಪ ಕೂತಿದ್ದರು, ಪಕ್ಕದಲ್ಲಿ ಲಗ್ನಪತ್ರಿಕೆಗಳ ಕಟ್ಟು, ದಾರ ಬಿಚ್ಚಿರಲಿಲ್ಲ. ಹೊಸ್ತಿಲಲ್ಲಿ ಅವರ ಹೆಂಡತಿ ಆದಿಲಕ್ಷ್ಮಮ್ಮ. ನರಸಮ್ಮ ಕಾಗದ ಕೊಟ್ಟು, ನಿಂತ ನಿಲುವಿನಲ್ಲೇ ಎಲ್ಲವನ್ನೂ ಹೇಳಿದಳು. ಅವರು ಕಾಗದ ಓದಿದರು, ಮತ್ತೊಮ್ಮೆ ಓದಿದರು.

"ನೀನಿಟ್ಟಿದ್ದಾ," ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. "ನಾನೇ ಅಂದ್ಕೊಂಡಿದ್ನಲ್ಲಮ್ಮ. ಬೆಳಿಗ್ಗೆಯಿಂದ ಅರಿಶಿನ ಹಚ್ಚಿದ ಕೈ, ತೊಳೆದ್ರೂ ಹೋಗಿರ್ಲಿಲ್ಲ. ನನ್ ಬೆಳ್ಳೇ ತಾಕಿರಬೇಕು ಅಂತ ದಿನಾ ಈ ಕೈ ನೋಡ್ಕೊಂಡು ಕೂತಿದ್ದೆ. ಬೇಕಂತ ಮಾಡ್ಲಿಲ್ಲ, ಆದ್ರೆ ಮಾಡಿದ್ದು ನನ್ ಕೈಯೇ ಅಂತ. ಗುರುವಾರ ಬೀಗರು ಬಂದು ದೇವರ ಮುಂದೆ ನಿಲ್ಲಿಸಿ ಕೇಳಿದ್ರು. ದೇವರ ಮುಂದೆ ಸುಳ್ಳು ಹೆಂಗೆ ಹೇಳ್ಲಿ? ಕಲೆ ನನ್ ಕೈದೇ ಇರ್ಬೇಕು ಅಂದೆ."

ಹಿಂದಿನ ದಿನವೇ ಬೀಗರು ತಾಂಬೂಲ ವಾಪಸು ಕಳಿಸಿದ್ದರು. ಹುಡುಗನಿಗೆ ಅದೇ ಮುಹೂರ್ತಕ್ಕೆ ಮುಳಬಾಗಿಲ ಕಡೆಯ ಹೆಣ್ಣು ಗೊತ್ತಾಗಿತ್ತು. ಕಾಗದವನ್ನು ಮಡಿಚಿ ವೆಂಕಟೇಶಪ್ಪ ಜೇಬಿಗೆ ಹಾಕಿಕೊಂಡರು. ಇನ್ನು ಅದನ್ನು ಯಾರಿಗೆ ತೋರಿಸುವುದು? ಮನೆಯೊಳಗೆ ಆ ಹುಡುಗಿ ಪಾತ್ರೆ ತೊಳೆಯುವ ಸದ್ದು ಬರುತ್ತಿತ್ತು. ನಮ್ಮ ಮಾತು ಅವಳಿಗೆ ಕೇಳಿಸಿರಬೇಕು, ಸದ್ದು ನಿಂತಿತು.

ಆದಿಲಕ್ಷ್ಮಮ್ಮ ಹೊಸ್ತಿಲು ದಾಟಿ ಬಂದರು. "ಎಂಟು ದಿನ ನರಸಮ್ಮ," ಎಂದರು. "ಬುಧವಾರ ಬಂದಿದ್ರೂ ಆಗ್ತಿತ್ತು. ಗುರುವಾರ ಬೆಳಿಗ್ಗೆ ಬಂದಿದ್ರೂ ಆಗ್ತಿತ್ತು. ಗೊತ್ತಿದ್ದೂ ಯಾಕೆ ಬಾಯಿ ಬಿಡ್ಲಿಲ್ಲ ನೀನು? ನಿನ್ನ ಯಾರು ತಡೆದ್ರು?"

ನರಸಮ್ಮ ತಲೆ ಎತ್ತಲಿಲ್ಲ. ಪಕ್ಕದಲ್ಲಿ ನಿಂತಿದ್ದ ನನ್ನ ಕಡೆ ತಿರುಗಲೂ ಇಲ್ಲ.

"ಯಾರೂ ತಡೀಲಿಲ್ಲ ತಾಯಿ," ಅಂದಳು. "ನಂಗೇ ಭಯ ಆಯ್ತು."

ಆದಿಲಕ್ಷ್ಮಮ್ಮ ಅವಳಿಗೆ ಶಾಪ ಹಾಕಿದರು. ಒಂದು ಹೆಣ್ಣು ಇನ್ನೊಂದು ಹೆಣ್ಣಿಗೆ ಯಾವ ಮಾತು ಆಡಬಾರದೋ ಅದೆಲ್ಲ ಆಡಿದರು. ನರಸಮ್ಮ ಅಷ್ಟನ್ನೂ ಕೈ ಮುಗಿದುಕೊಂಡು ಕೇಳಿಸಿಕೊಂಡಳು. ಅದರಲ್ಲಿ ಅರ್ಧವಾದರೂ ನನಗೆ ಬರಬೇಕಿತ್ತು. ಒಂದು ಹೆಜ್ಜೆ ಮುಂದೆ ಹೋಗಿ, ತಡೆದವಳು ನಾನು ಎಂದರೆ ಸಾಕಿತ್ತು. ನಾನು ಬಾಯಿ ಮುಚ್ಚಿಕೊಂಡು ನಿಂತೇ ಇದ್ದೆ.